ಮಿಡಿ ಕೊಟ್ಟು ಕೇಳಿದ ದಾರಿ

ರಿಪ್ಪನ್‌ಪೇಟೆ ಹತ್ತಿರದ ನಮ್ಮ ಮನೆಯಿಂದ
ತಾ. ೧೨-೪-೨೦೨೬, ಭಾನುವಾರ

ಪ್ರತಿಮನ ಅಮ್ಮ ಕೆರಿಯಮ್ಮನಿಗೆ,

ನೀನು ಕ್ಷೇಮವೇ? ಬಾಣಂತಿ ಹೊಟ್ಟೆತುಂಬ ಉಣ್ಣುತ್ತಾಳೆಯೇ, ಕೂಸಿನ ಹೊಕ್ಕುಳು ಒಣಗಿತೇ? ನಿನ್ನ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಅಥವಾ ಮಗಳಿಗೂ ಕೂಸಿಗೂ ತಿಕ್ಕುವುದರಲ್ಲಿ ನಿನ್ನದು ಮರೆತೇ ಹೋಗುತ್ತದೆಯೋ? ಹಿನ್ನೀರಿಗೆ ಸೇತುವೆ ಆದಮೇಲೆ ನೀನಿರುವ ಬ್ಯಾಕೋಡು ಹತ್ತಿರವಾಯಿತು ಅಂತ ಊರೆಲ್ಲ ಹೇಳುತ್ತದೆ. ನೀನು ಹೋಗಿ ಐವತ್ತು ದಿನವಾಯಿತು, ನನಗಂತೂ ಹತ್ತಿರವಾದ ಹಾಗೆ ಕಾಣುವುದಿಲ್ಲ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ನೀವು ಸ್ಪೀಕರ್ ಹಾಕಿ ಮಾತಾಡುತ್ತೀರಿ, ಅಳಿಯಂದಿರು ಪಕ್ಕದಲ್ಲೇ ಇರುತ್ತಾರೆ. ಆರನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ನೀನೊಬ್ಬಳೇ ಓದು.

ವಿಷಯ ಹಿಂದಿನ ಗದ್ದೆಯ ಹೂವಯ್ಯನದು. ನಮ್ಮ ಹಿತ್ತಲಲ್ಲಿ ಹಾದು ತನ್ನ ಗದ್ದೆಗೆ ಹೋಗುತ್ತಾನಲ್ಲ, ಅದು. ನೀನು ಹೋದ ವಾರವೇ ಬೇಲಿಯ ದಣಪೆಯ ಮೂರು ಗಳ ಸರಿಸಿಕೊಂಡು ಬಂದವನು, ದಾಟಿ ಹೋಗುವುದು ಬಿಟ್ಟು ನಿಂತು, "ಅಕ್ಕ ಯಾವಾಗ ಬರ್ತಾರೆ ಮಾರಾಯ್ರೇ?" ಅಂದ. ಬರ್ತಾಳೆ ಅಂದೆ. ಮೂರು ದಿನ ಬಿಟ್ಟು ಮತ್ತೆ ಅದೇ. ಮತ್ತೊಂದು ವಾರಕ್ಕೆ, "ಅಕ್ಕ ಇಲ್ದೆ ಹಿತ್ಲು ಬಿಕೋ ಅಂತದೆ" ಅಂದ. ನಿನಗಿಂತ ನಾಲ್ಕು ವರ್ಷ ದೊಡ್ಡವನು, ನೀನು ಅವನಿಗೆ ಅಕ್ಕ ಹೇಗಾದೆ? ನಮ್ಮ ಹಿತ್ತಲು ಬಿಕೋ ಅಂದರೆ ಅವನಿಗೇನು ಕಷ್ಟ? ಅವತ್ತು ಸರಿಯಾಗಿ ಊಟ ಸೇರಲಿಲ್ಲ. ಮರುದಿನ ದಣಪೆಗೆ ಬಿದಿರುಮುಳ್ಳು ಒತ್ತಿಬಿಟ್ಟೆ. ಕೇಳಿದವರಿಗೆ ದನ ನುಗ್ಗುತ್ತದೆ ಅಂತ ಹೇಳಿದೆ. ಗುಡ್ಡ ಸುತ್ತಿಕೊಂಡು ಹೋಗಲು ಅವನಿಗೆ ಬೇರೆ ದಾರಿ ಇದೆ, ಅರ್ಧ ಗಂಟೆ ಹೆಚ್ಚು, ಅಷ್ಟೇ.

ಹದಿನೈದು ದಿನಕ್ಕೆ ಹೂವಯ್ಯನ ವಕೀಲರ ನೋಟೀಸು ಬಂತು. ಹೊಸನಗರದಲ್ಲಿ ಮುಕುಂದಯ್ಯ ವಕೀಲರಿಗೆ ತೋರಿಸಿದೆ. ಅವರು ಬಿಡಿಸಿ ಹೇಳಿದ್ದು ಇಷ್ಟು: ಒಬ್ಬ ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಯಾರ ಅಪ್ಪಣೆಯನ್ನೂ ಕೇಳದೆ ತನ್ನದೇ ಹಕ್ಕು ಅಂತ ನಡೆದರೆ ಆ ದಾರಿ ಅವನಿಗೆ ಸೇರಿದಂತೆ. ಅದಕ್ಕೆ ಈಸ್‌ಮೆಂಟು ಅನ್ನುತ್ತಾರೆ, ನಾವು ಬೇಲಿ ಹಾಕಿದರೆ ಕೋರ್ಟು ತೆಗೆಸುತ್ತದೆ. ಆದರೆ ಜಾಗದವರನ್ನು ಕೇಳಿಕೊಂಡು ನಡೆದಿದ್ದರೆ ಅದು ಬರೀ ಲೈಸೆನ್ಸು, ಕೊಟ್ಟವರು ಯಾವಾಗ ಬೇಕಾದರೂ ಬೇಡ ಅನ್ನಬಹುದು. ಹೂವಯ್ಯ ನಡೆಯುತ್ತಿರುವುದು ಇಪ್ಪತ್ತೆರಡು ವರ್ಷದಿಂದ. ಹಿತ್ತಲು ಹೋಯಿತು ಅಂತಲೇ ನಾನು ತಿಳಿದೆ.

ಹೋದ ಗುರುವಾರ ರಾಜಿಗೆ ಅಂತ ಮುಕುಂದಯ್ಯನವರು ಇಬ್ಬರನ್ನೂ ಕೂರಿಸಿದ್ದರು. ನೋಟೀಸು ಓದಿ ಹೇಳಿದರು, ಯಾರನ್ನೂ ಕೇಳದೆ ನಡೆದಿದ್ದಾರೆ ಅಂತ. ಹೂವಯ್ಯನಿಗೆ ತನ್ನ ನೋಟೀಸಿನ ಮೇಲೆ ತನಗೇ ಸಿಟ್ಟು ಬಂತು ನೋಡು. "ಕೇಳ್ದೆ ಹೋಗಿದೀನಿ ಅಂತ ಬರ್ದೋರ್ಯಾರು? ನಾನೇನು ಕಳ್ನಾ? ವರ್ಷಾ ವರ್ಷ ಬುಟ್ಟಿ ತುಂಬ ಅಪ್ಪೆಮಿಡಿ ಕೊಟ್ಟು, ಈ ವರ್ಷನೂ ಹೋಗ್ಲಾ ಅಕ್ಕ ಅಂತ ಕೇಳಿ, ಅವ್ರು ಹೂಂ ಅಂದ ಮೇಲೇ ಕಾಲಿಟ್ಟೋನು ನಾನು. ಈ ಸಲ ಮಿಡಿ ಬಂದ್ರೂ ಅವ್ರಿಲ್ಲ, ಅದಕ್ಕೇ ಕೇಳ್ತಿದ್ದೆ" ಅಂದ. ಮುಕುಂದಯ್ಯನವರು ಮೇಜು ಕುಟ್ಟಿ ನನ್ನ ಕಿವಿಯಲ್ಲಿ, "ಗೆದ್ರಿ ಸೀತಾರಾಮಪ್ಪ, ಅವನ ಕಥೆ ಅವನೇ ಮುಗಿಸಿದ" ಅಂದರು.

ನಾನು ಗೆದ್ದೆನೇ ಕೆರಿಯಮ್ಮ? ಇಪ್ಪತ್ತೆರಡು ವರ್ಷ ಆ ಮಿಡಿ ಉಪ್ಪಿನಕಾಯಿಯನ್ನು ನಿನ್ನ ಅಣ್ಣ ಮೇಳಿಗೆಯಿಂದ ಕಳಿಸಿದ್ದು ಅಂತ ತಿಳಿದು ಚಪ್ಪರಿಸಿದ್ದೇನೆ. ಪ್ರತಿಮನ ಮದುವೆಯಲ್ಲಿ ನಿನ್ನ ಅಣ್ಣನ ಕೈ ಹಿಡಿದು, "ನಿಮ್ಮ ಮರದ ಮಿಡಿಯ ಸೊನೆ ಎಲ್ಲೂ ಇಲ್ಲ ಭಾವ" ಅಂತ ಹೊಗಳಿದ್ದೆ. ಅವರು ಸುಮ್ಮನೆ ನಕ್ಕರು. ನೀನು ಪಕ್ಕದಲ್ಲೇ ಇದ್ದೆ, ನೀನೂ ಹೇಳಲಿಲ್ಲ. ನಾನು ಕೇಳಲಿಲ್ಲ ಅನ್ನುತ್ತೀಯ, ಅದೂ ನಿಜ. ಆದರೆ ಹೂಂ ಅಂದದ್ದು ಎಲ್ಲಿ ನಿಂತು? ಜಗಲಿಯಲ್ಲೋ, ದಣಪೆಯ ಹತ್ತಿರವೋ? ಕೂರಿಸಿ ಕಾಫಿ ಕೊಟ್ಟೆಯಾ? ಆಗ ನಾನು ಎಲ್ಲಿ ಹೋಗಿದ್ದೆ? ನನಗೆ ಯಾವ ವರ್ಷವೂ ನೆನಪಾಗುವುದಿಲ್ಲ, ಅದೇ ಕೊರೆಯುತ್ತದೆ. ನಾನು ಏನಾದರೂ ಕೇಳಿದರೆ ನೀನು ಹೂಂ ಅನ್ನುವುದಕ್ಕೆ ಎರಡು ದಿನ ತೆಗೆದುಕೊಳ್ಳುತ್ತೀಯ.

ಪಹಣಿ ನಿನ್ನ ಹೆಸರಲ್ಲಿರುವುದರಿಂದ ನನ್ನ ಮಾತು ನಡೆಯುವುದಿಲ್ಲವಂತೆ. ಅಪ್ಪಣೆ ಕೊಟ್ಟವಳು ನಾನೇ, ಈಗ ಬೇಡ ಅನ್ನುತ್ತೇನೆ ಅಂತ ನೀನು ಸಹಿ ಮಾಡಬೇಕಂತೆ. ವಕೀಲರು ಟೈಪು ಮಾಡಿಸಿದ ಕಾಗದ ಇದರ ಜೊತೆಗಿದೆ. ನಿನ್ನೆ ಹೂವಯ್ಯ ಮುಳ್ಳಿನ ಆಚೆ ಬುಟ್ಟಿ ಇಟ್ಟು ಗುಡ್ಡ ಸುತ್ತಿಕೊಂಡು ಹೋದ. ಮಿಡಿಯನ್ನು ಸೊನೆ ಸೋರದ ಹಾಗೆ ತೊಟ್ಟು ಬಿಡದೆ ಕೊಯ್ದಿದ್ದಾನೆ. ಮುಟ್ಟಿದರೆ ಅಪ್ಪಣೆ ಕೊಟ್ಟ ಹಾಗಾಗುತ್ತದೆ ಅಂತ ಮುಟ್ಟಿಲ್ಲ. ಬಿಸಿಲಿಗೆ ಬಾಡುತ್ತಿದೆ.

ಪ್ರತಿಮನಿಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯಂದಿರಿಗೆ ನಮಸ್ಕಾರ. ನೀನು ತಣ್ಣೀರಲ್ಲಿ ಕೈ ಹಾಕಬೇಡ.

ಇಂತಿ ನಿನ್ನ
ಸೀತಾರಾಮಪ್ಪ

ತಾ.ಕ.: ಪೋಸ್ಟ್ ಡಬ್ಬಿಗೆ ಹಾಕಲು ಹೊರಟವನು ವಾಪಸ್ಸು ಬಂದು ಬರೆಯುತ್ತಿದ್ದೇನೆ. ವಕೀಲರ ಕಾಗದಕ್ಕೆ ಸಹಿ ಮಾಡಬೇಡ. ಅದರ ಹಿಂದೆ ನಾನೇ ಒಂದು ಸಾಲು ಬರೆದಿದ್ದೇನೆ, ಅದಕ್ಕೆ ಮಾಡು: "ಹೂವಯ್ಯ ಮೊದಲಿನ ಹಾಗೇ ನಡೆಯಲಿ, ಆದರೆ ಇನ್ನು ಮೇಲೆ ವರ್ಷಾ ವರ್ಷ ನನ್ನ ಗಂಡನನ್ನೇ ಕೇಳತಕ್ಕದ್ದು." ಮುಳ್ಳು ಕಿತ್ತಿದ್ದೇನೆ. ಬುಟ್ಟಿ ಒಳಗೆ ತಂದಿದ್ದೇನೆ. ಮಿಡಿಗೆ ಉಪ್ಪು ಎಷ್ಟು ಅಂತ ಬೇಗ ತಿಳಿಸು.