ಇದ್ದಿಲು ತೆಗೆದದ್ದು ಏನನ್ನು?

ಟೆನೆಸೀ, ಅಕ್ಟೋಬರ್ ೧೯೭೪

ಪ್ರಿಯ ಭಾವಮೈದ ಡೆಲ್ಬರ್ಟ್‌ಗೆ,

ನೀನು ಕೆಂಟಕಿಗೆ ಹಿಂತಿರುಗಿ ವಾರವಾಯಿತು. ನಮ್ಮ ಜಗಲಿಯ ಜಗಳ ಮಾತ್ರ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

"ನಿಮ್ಮ ಟೆನೆಸೀ ವಿಸ್ಕಿ ಅಂದ್ರೆ ನಮ್ಮ ಕೆಂಟಕಿಯ ಬರ್ಬನ್ ವಿಸ್ಕಿಯೇ ಭಾವ, ಇದ್ದಿಲಲ್ಲಿ ಸೋಸಿ ಸೋಸಿ ಅದರ ಜೀವ ತೆಗ್ದಿರ್ತೀರಿ, ಅಷ್ಟೇ," ಅಂದೆ ನೀನು. ನೆರೆಮನೆಯ ಹೋಯ್ಟ್ ಬಿಟ್ಟಾನೆಯೇ? "ಹೋಗೋ ಹೋಗೋ! ನಿಮ್ಮದು ಕುಡಿದ್ರೆ ಗಂಟಲಲ್ಲಿ ಬೆಕ್ಕು ಪರಚಿದಂಗಾಗ್ತದೆ. ನಮ್ಮ ಇದ್ದಿಲು ಅದರ ಉಗುರು ತೆಗೀತದೆ." ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದಿರಿ: "ಜೀವನವೆಲ್ಲ ವಿಸ್ಕಿ ಕಾರ್ಖಾನೇಲಿ ಇದ್ದಿಲು ಸುಟ್ಟೋನು, ನೀನೇ ಹೇಳು." ನಾನು ಸೇಬಿನ ಪೈ ತರುವ ನೆಪದಲ್ಲಿ ಒಳಗೆ ಹೋದೆ.

ನಗಬೇಡ. ಒಂದು ಹನಿ ವಿಸ್ಕಿಯೂ ನನ್ನ ನಾಲಿಗೆಗೆ ಸೋಕಿಲ್ಲ. ಹೊಳೆಯಲ್ಲಿ ದೀಕ್ಷಾಸ್ನಾನವಾದ ದಿನ ಅವ್ವನಿಗೆ ಮಾತು ಕೊಟ್ಟಿದ್ದೆ. ಇದ್ದಿಲು ಮಾಡುವ ಮೇಪಲ್ ಸೌದೆಗೆ ಬೆಂಕಿ ಹಚ್ಚಲು ವಿಸ್ಕಿಯನ್ನೇ ಚಿಮುಕಿಸುತ್ತೇವಲ್ಲ, ನನಗೆ ಗೊತ್ತಿರುವುದು ಆ ವಾಸನೆ ಮಾತ್ರ. ಬರುವ ತಿಂಗಳು ನಿವೃತ್ತಿ. ನನ್ನ ಇದ್ದಿಲು ತೆಗೆದದ್ದು ಜೀವವನ್ನೋ ಉಗುರನ್ನೋ, ತಿಳಿಯದೆ ಮನೆಯಲ್ಲಿ ಕೂರಲಾರೆ.

ವಿಸ್ಕಿ ತಯಾರಾಗುವುದು ಇಲ್ಲೇ ಆದರೂ, ಕಾನೂನಿನ ಪ್ರಕಾರ ನಮ್ಮ ಕೌಂಟಿಯಲ್ಲಿ ಒಂದು ಬಾಟಲಿಯನ್ನೂ ಮಾರುವಂತಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುವಾಗ ಎರಡೂ ಬಗೆಯದನ್ನು ತಾ, ಹೆಸರಿನ ಚೀಟಿ ಕಿತ್ತು ತಾ.

ಇದನ್ನು ಬರೆಯುತ್ತಿದ್ದಾಗ ನಿಮ್ಮಕ್ಕ ಓಪಲ್ ಹಿಂದೆ ನಿಂತು ಓದಿಬಿಟ್ಟಳು. ಚರ್ಚಿನಲ್ಲಿ ಹಾಡುವವಳು, ಇನ್ನು ಗ್ರಹಚಾರ ಬಿಡಿಸುತ್ತಾಳೆ ಅಂದುಕೊಂಡೆ. ಅವಳು ಅಡುಗೆಮನೆಗೆ ಹೋಗಿ ಮೂರು ಲೋಟ ತೊಳೆದು ಬೋರಲು ಹಾಕಿದಳು.

"ನನಗೂ ಡೆಲ್ಬರ್ಟ್‌ಗೂ ಎರಡು ಸಾಕಲ್ಲ?" ಅಂದೆ.

"ನಾನೇನು ವಾಸನೆ ನೋಡ್ಕೊಂಡೇ ಇರ್ಲಾ?" ಅಂದಳು.

ನಿನ್ನ ದಾರಿ ಕಾಯುವ,
ಓರ್ವಿಲ್