ನರಸಮ್ಮನ ಕೊಟ್ಟಿಗೆಗೆ ರೋಗ ತಂದವರು ಯಾರು?

ಮಾನ್ಯ ಪಶುರೋಗ ತಡೆ ಅಧಿಕಾರಿಗಳೇ,

ಗಡಿಯ ತಮಿಳು ಬದಿಯಲ್ಲಿರುವ ನಮ್ಮ ಗುಮ್ಮಳಾಪುರದಲ್ಲಿ ಕಾಲುಬಾಯಿ ರೋಗ ಹರಡಿದ್ದು ನರಸಮ್ಮನ ಕೊಟ್ಟಿಗೆಯಿಂದ ಎಂದು ನಿಮ್ಮ ಕಚೇರಿಯ ವರದಿ ಹೇಳುತ್ತದೆ. ಅದು ಸುಳ್ಳು. "ಹೊರರಾಜ್ಯದಿಂದ ಅನುಮತಿಯಿಲ್ಲದೆ ತಂದ ಜಾನುವಾರು" ಎಂದು ಅದರಲ್ಲಿ ಬರೆದಿದೆ. ಆಕೆಗಿರುವುದು ಎರಡು ಸೀಮೆ ಹಸು. ಎರಡೂ ಅದೇ ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದವು. ಹಾಗಾದರೆ ಆಕೆ ಯಾವ ರಾಜ್ಯದಿಂದ ಯಾವ ಜಾನುವಾರು ತಂದಳು? ಅದರ ಬಣ್ಣ ಯಾವುದು? ಈಗ ಎಲ್ಲಿ ಕಟ್ಟಿದ್ದಾಳೆ? ವರದಿ ಬರೆದ ಪುಣ್ಯಾತ್ಮರು ಅದನ್ನು ಕಣ್ಣಾರೆ ಕಂಡರೋ, ಕಚೇರಿಯ ಫ್ಯಾನಿನ ಕೆಳಗೆ ಕೂತು ಕಲ್ಪಿಸಿಕೊಂಡರೋ? ಇದನ್ನೇ ಕೇಳಿ ನಿಮಗೆ ತಮಿಳಿನಲ್ಲಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಕಿಟಕಿಯಾಚೆಯಿಂದ "ಪಾಕ್ಕಲಾಂ", ಅಂದರೆ ನೋಡೋಣ, ಎಂಬ ಒಂದೇ ಉತ್ತರ ಬಂತು. ನೀವು ನೋಡುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಅದಕ್ಕೇ ಈಗ ನನ್ನ ಭಾಷೆಯಲ್ಲಿ, ಪತ್ರಿಕೆಯಲ್ಲಿ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಬೇಕು. ಹೊಸೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತಾರು ವರ್ಷ ನಿಂತು, ಹೊರಗೆ ಹೋಗುವವರ ಊಟದ ಡಬ್ಬಿ ತೆರೆಸಿ ನೋಡಿ ನಿವೃತ್ತನಾದವನು ನಾನು. ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುತ್ತೇನೆ. ಹಬ್ಬಕ್ಕೆ ಸಿಹಿ ಕೊಟ್ಟರೆ ಇದರ ಹಿಂದೆ ಏನಿದೆ ಎಂದು ಹುಡುಕುತ್ತೇನೆ. ನನ್ನ ಹೆಂಡತಿ ಸರಳಾ ಇದನ್ನು ಕಾಯಿಲೆ ಎನ್ನುತ್ತಾಳೆ. ಇದ್ದರೂ ಇರಬಹುದು. ಆದರೆ ಈ ಕಾಯಿಲೆ ನಿಮ್ಮ ಚೆಕ್‌ಪೋಸ್ಟಿನವರಿಗೆ ಒಂದು ಪಾಲಾದರೂ ಅಂಟಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನಿಮ್ಮ ಕಾನೂನಿನ ಬಗ್ಗೆ ನನಗೆ ತಕರಾರಿಲ್ಲ. ಗೊರಸಿರುವ ಯಾವ ಪ್ರಾಣಿಯೂ ವೈದ್ಯರ ಚೀಟಿಯಿಲ್ಲದೆ ಗಡಿ ದಾಟಬಾರದು ಎಂದಿರಿ, ಒಪ್ಪಿದೆವು. ಗಡಿಯಾಚೆ ಹೊಲವಿರುವ ನಮ್ಮವರು ತಮ್ಮದೇ ಬದುವಿನ ಹುಲ್ಲಿಗೆ ತಮ್ಮದೇ ಎಮ್ಮೆ ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರು. ಕಾನೂನು ನಮ್ಮ ಎಮ್ಮೆಗೆ ಅರ್ಥವಾಯಿತು. ಶನಿವಾರ ಭಾನುವಾರ ಕಾರು ಹತ್ತಿಕೊಂಡು ಬರುವ ಮಹನೀಯರಿಗೆ ಮಾತ್ರ ಯಾಕೆ ಅರ್ಥವಾಗುವುದಿಲ್ಲ?

ಎರಡು ದಿನ ಬೆಳಿಗ್ಗೆ ಚೆಕ್‌ಪೋಸ್ಟಿನ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿದೆ. ರೋಗಾಣು ಸಾಯಲೆಂದು ರಸ್ತೆಗೆ ಅಡ್ಡ ಹಾಸಿದ್ದ, ಔಷಧಿ ನೀರಲ್ಲಿ ನೆನೆಸಿದ ಗೋಣಿಚೀಲ ಒಂಬತ್ತು ಗಂಟೆಗೆಲ್ಲ ಒಣಗಿ ರೊಟ್ಟಿಯಾಗಿತ್ತು. ಬೈಕಿನವರು ಅದರ ಪಕ್ಕದಲ್ಲಿ ಹೋದರು. ಇಲಾಖೆಯ ಹೆಸರು ಬರೆದ ಒಂದು ಜೀಪೂ ಪಕ್ಕದಲ್ಲೇ ಹೋಯಿತು. ಒಬ್ಬ ಮಹಾಶಯ ಡಿಕ್ಕಿಯಲ್ಲಿ ಕುರಿ ಹಾಕಿಕೊಂಡು ಬಂದ. ಕುರಿ ಒಳಗಿನಿಂದ ಬ್ಯಾ ಎಂದು ಕೂಗಿ ತಾನೇ ಸಾಕ್ಷಿ ಹೇಳಿತು. ಕಾವಲಿಗಿದ್ದ ಮಾದೇಶ್ ಆಕಾಶ ನೋಡುತ್ತಾ ನಿಂತ.

"ಯಾಕ್ಲಾ, ಕಿವಿ ಕೇಳ್ಸಾಕಿಲ್ವಾ?" ಎಂದೆ.

"ಫ್ಯಾಮಿಲಿ ಇರೋ ಕಾರ್ನ ತಡೀಬ್ಯಾಡ ಅಂದವ್ರೆ ಕಣಣ್ಣ. ಮೇಲಿಂದ ಮಾತು ಬಂದೈತೆ."

"ಯಾವ ಮೇಲಿಂದ?"

"ಅದ್ನ ಕೇಳ್ಬ್ಯಾಡಿ. ಟೀ ಕುಡ್ದು ಮನೇಗ್ ಹೋಗಿ."

ಆ "ಮೇಲೆ" ಎಂಬ ಜಾಗದಲ್ಲಿ ಕೂತಿರುವವರು ಯಾರು, ಮಾನ್ಯರೇ? ನೀವಾ? ನೀವಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ಅಪ್ಪಣೆ ಕೊಡುತ್ತಿರುವವರು ಯಾರೆಂದು ನಿಮಗೆ ಗೊತ್ತಾ?

ಆ ಅರ್ಜಿಗಳಲ್ಲಿ ನಾನು ಇನ್ನೂ ಹೆಚ್ಚು ಹಾರಾಡಿದ್ದು ಚೆಕ್‌ಪೋಸ್ಟಿನ ಪುಸ್ತಕದ ಮೇಲೆ. ರೋಗ ಬರುವ ಮುಂಚಿನ ಭಾನುವಾರ ಒಂದು ಜಾನುವಾರೂ ಗಡಿ ದಾಟಿಲ್ಲ ಎಂದು ಅದರಲ್ಲಿ ಬರೆದಿದೆ. ಹಾಳೆ ಬದಲಾಯಿಸಿದ್ದಾರೆ, ತನಿಖೆ ಮಾಡಿ ಎಂದು ಕೇಳಿದ್ದೆ. ಅದು ನಿಜವಲ್ಲ ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಆ ಒಂದು ದಿನದ ಮಟ್ಟಿಗೆ ನಿಮ್ಮ ಪುಸ್ತಕ ಸರಿಯಾಗಿದೆ. ಚೆಕ್‌ಪೋಸ್ಟಿನ ಮುಂದೆ ಯಾವ ಹಸುವೂ ಬರಲಿಲ್ಲ. ಅದು ಬಂದದ್ದು ಕೆರೆ ಹಿಂದಿನ ಗಾಡಿ ದಾರಿಯಲ್ಲಿ. ದಾರಿ ತೋರಿಸಿದವನು ನಾನು.

ಆ ಭಾನುವಾರ ನನ್ನ ಹೊಸ ಮನೆಯ ಗೃಹಪ್ರವೇಶ. ಹೊಸ ಮನೆಯ ಹೊಸ್ತಿಲನ್ನು ಮೊದಲು ದಾಟಬೇಕಾದ್ದು ಹಸು ಮತ್ತು ಕರು. ನನ್ನ ಹಿತ್ತಲಲ್ಲೇ ಹಸುವಿದೆ. ಆದರೆ ಅದು ಸೀಮೆ ಹಸು, ಆಗುವುದಿಲ್ಲ, ಹಿಣಿಲಿರುವ ನಾಟಿ ಹಸುವೇ ಬೇಕು ಎಂದರು ಪುರೋಹಿತರು. ಊರೆಲ್ಲ ಹುಡುಕಿದರೂ ಅಂಥದ್ದು ಒಂದಿಲ್ಲ. ಎಲ್ಲರೂ ಡೈರಿಗೆ ಹಾಲು ಹಾಕುವವರು. ಹಾಗಾಗಿ ಗಡಿಯಾಚೆಯ ಕುಮಾರೇಶ್ ಎಂಬಾತನಿಗೆ ಫೋನ್ ಮಾಡಿದೆ. ಆತನದು ಒಂದು ಟೆಂಪೊ, ಒಂದು ಬಿಳಿ ಹಸು, ಒಂದು ಕರು. ಒಂದು ಭಾನುವಾರಕ್ಕೆ ಮೂರು ಗೃಹಪ್ರವೇಶ ಮುಗಿಸುತ್ತಾನೆ. ನುಣುಪು ಕಲ್ಲಿನ ನೆಲದ ಮೇಲೂ ಆ ಹಸು ಜಾರುವುದಿಲ್ಲ, ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೂ ಹೋಗಿ ಬಂದಿದೆ ಎಂದು ಹೆಮ್ಮೆಯಿಂದ ಹೇಳಿದ.

ಅಂದು ಬೆಳಿಗ್ಗೆ ಆತನ ಫೋನ್ ಬಂತು. "ಅಣ್ಣಾ, ಚೆಕ್‌ಪೋಸ್ಟ್‌ನಾಗೆ ಚೀಟಿ ಕೇಳ್ತಾವ್ರಂತೆ. ಬ್ಯಾರೆ ದಾರಿ ಐತಾ?"

"ಕೆರೆ ಹಿಂದ್ಗಡೆ ಬಾ. ನಾನೇ ನಿಂತಿರ್ತೀನಿ."

"ಸರಿ ಅಣ್ಣಾ. ಪೂಜೆ ಹಸ, ಇದ್ಕೆಂಥ ರೋಗ!"

ಸಹೋದ್ಯೋಗಿಯ ಮೊಸರನ್ನದ ಡಬ್ಬಿಯನ್ನೂ ನಂಬದವನು ನಾನು. ಆದರೆ ಹಣೆಗೆ ಕುಂಕುಮ, ಕೊಂಬಿಗೆ ಅರಿಸಿನ ಹಚ್ಚಿದ್ದ ಆ ಹಸುವನ್ನು ಅನುಮಾನಿಸುವ ಬುದ್ಧಿ ಬರಲಿಲ್ಲ. ಅದರ ಬಾಯಲ್ಲಿ ನೂಲಿನಂತೆ ಜೊಲ್ಲು ಇಳಿಯುತ್ತಿತ್ತು. ಕಂಡೆ. ಬಾಯಾರಿರಬೇಕು ಎಂದುಕೊಂಡೆ, ಮುಹೂರ್ತ ಮೀರುತ್ತಿತ್ತು.

ಮನೆಯೊಳಗೆ ಹಸುವಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು ಇಟ್ಟೆವು. ಅದು ಅರ್ಧ ಮೂಸಿ ಅರ್ಧ ತಿಂದು ಬಿಟ್ಟಿತು. ಪಕ್ಕದ ಮನೆಯ ನರಸಮ್ಮ ಸೆರಗೊಡ್ಡಿ ಬಂದಳು. "ಅಣ್ಣಾ, ಗೋಮಾತೆ ತಿಂದು ಬಿಟ್ಟ ಪ್ರಸಾದ. ನಮ್ ಹಸೂಗೆ ಒಂದ್ ಹಿಡಿ ಹಾಕ್ತೀನಿ, ಕೊಡಣ್ಣ. ಹೋದ್ ತಿಂಗ್ಳು ಕರ ಹಾಕೈತೆ, ಒಳ್ಳೇದಾಗ್ಲಿ." ನಮ್ಮ ಕಡೆ ಹೀಗೆ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಮೊರ ಎತ್ತಿ ನಾನೇ ಆಕೆಯ ಸೆರಗಿಗೆ ಸುರಿದೆ.

ಐದನೇ ದಿನ ಆಕೆಯ ಹಸು ಮೇವು ಬಿಟ್ಟಿತು. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು. ಮಾರನೇ ದಿನ ನನ್ನ ಹಸುವಿಗೂ ಬಂತು. ಆಮೇಲೆ ಇನ್ನೂ ನಾಲ್ಕು ಮನೆಗೆ. ನಾವೆಲ್ಲ ಏನು ಮಾಡಿದೆವು? ಹಿತ್ತಲ ಬಾಗಿಲು ಹಾಕಿ, ಹಸುವಿನ ಬಾಯಿಗೆ ಜೇನು ಸವರಿ, ಕಾಲಿಗೆ ಬೇವಿನೆಣ್ಣೆ ಹಚ್ಚಿ, ಯಾರಿಗೂ ಹೇಳದೆ ಕೂತೆವು. ನರಸಮ್ಮ ಒಬ್ಬಳೇ ಬಸ್ಸು ಹತ್ತಿ ದನದ ಆಸ್ಪತ್ರೆಗೆ ಹೋಗಿ ಹೇಳಿದಳು. ಸರ್ಕಾರ ಹೇಳಿದಂತೆ ನಡೆದವಳು ಇಡೀ ಊರಿನಲ್ಲಿ ಆಕೆ ಒಬ್ಬಳೇ. ನಿಮ್ಮವರು ಬಂದರು. ಮಗಳನ್ನು ಎಲ್ಲಿಗೆ ಕೊಟ್ಟಿದ್ದೀಯ ಎಂದು ಕೇಳಿದರು. ಗಡಿಯಾಚೆ ಎಂದಳು. ಅಲ್ಲಿಂದಲೇ ದನ ತಂದಳು ಎಂದು ವರದಿ ಬರೆಯಲು ಅಷ್ಟು ಸಾಕಾಯಿತು. ಬಂದು ಹೇಳಿದವರನ್ನೇ ಅಪರಾಧಿ ಮಾಡಿದರೆ ಮುಂದಿನ ಸಲ ನಿಮ್ಮ ಆಸ್ಪತ್ರೆಯ ಮೆಟ್ಟಿಲು ಯಾರು ಹತ್ತುತ್ತಾರೆ, ಸ್ವಾಮಿ? ಅಥವಾ ಯಾರೂ ಹತ್ತಬಾರದು ಎಂಬುದೇ ನಿಮ್ಮ ಉದ್ದೇಶವಾ?

ಆಕೆಯ ಕರು ಸತ್ತಿತು. ಈಗ ಎಲ್ಲರ ಹಸುಗಳೂ ಗುಣವಾಗಿವೆ. ಎಲ್ಲರ ಹಾಲೂ ಡೈರಿಗೆ ಹೋಗುತ್ತಿದೆ, ನನ್ನದೂ ಹೋಗುತ್ತಿದೆ. ನರಸಮ್ಮನ ಕ್ಯಾನು ಮಾತ್ರ ದಿನಾ ಹಿಂದಕ್ಕೆ ಬರುತ್ತದೆ. ವರದಿಯಲ್ಲಿ ಹೆಸರಿದೆಯಲ್ಲ ಎನ್ನುತ್ತಾರೆ. ಊರಿಗೆ ರೋಗ ತಂದವಳು ಎಂದು ನಲ್ಲಿಯ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರೆ.

ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಿಮ್ಮವರ ಮುಂದೆ ಆ ಬಿಳಿ ಹಸುವಿನ ಮಾತೆತ್ತಲಿಲ್ಲ. ನನಗೆ ಅದರ ಮೇಲೂ ಅನುಮಾನ ಬಂತು. ಮುಂದೆ ಇದೇ ನೆಪದಲ್ಲಿ ಏನೋ ಕೇಳುತ್ತಾಳೆ, ಗೋಡೆ ಪಕ್ಕದ ಎರಡಡಿ ಜಾಗವೇ ಇರಬೇಕು ಎಂದು ಲೆಕ್ಕ ಹಾಕಿದೆ. ಹೋದ ವಾರ ತಡೆಯಲಾರದೆ ಹೋಗಿ ಕೇಳಿಯೇಬಿಟ್ಟೆ. "ಯಾಕಮ್ಮ ಹೇಳ್ಲಿಲ್ಲ?"

ಆಕೆ ಸಗಣಿ ಬಾಚುತ್ತಿದ್ದಳು. ತಲೆ ಎತ್ತಲಿಲ್ಲ. "ಹೊಸ ಮನೇಗೆ ಮೊದ್ಲು ಕಾಲಿಟ್ಟ ಹಸಾನೇ ರೋಗದ್ದು ಅಂದ್ಬುಟ್ರೆ ಆ ಮನೇಗ್ ಆಯ್ತದಾ ಅಣ್ಣಾ? ಸರಳಕ್ಕ ಎದೆ ಒಡ್ಕೊಂಡ್ಬುಡ್ತಾಳೆ. ನಂದು ಹಳೇ ಕೊಟ್ಗೆ. ಯಾರ್ ಏನಂದ್ರೇನು?"

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅದನ್ನು ಇಲ್ಲಿ ಬರೆಯದಿದ್ದರೆ ಈ ಪತ್ರವೂ ಇನ್ನೊಂದು ಸುಳ್ಳು ವರದಿಯಾಗುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವರದಿಯಿಂದ ನರಸಮ್ಮನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಏನು ಕೇಸು ಹಾಕುತ್ತೀರೋ ಹಾಕಿ. ಬಾಡಿಗೆ ಹಸುವಿಗೂ ಚೀಟಿ ಕೇಳಿ, ಕಾರಿನ ಡಿಕ್ಕಿಯನ್ನೂ ತೆರೆಸಿ, ಗಾಡಿ ದಾರಿಗೊಂದು ಕಾವಲು ಹಾಕಿ. ತಿದ್ದಿದ ವರದಿಯನ್ನು ಟಪಾಲಿಗೆ ಹಾಕಿ ಕೈತೊಳೆದುಕೊಳ್ಳಬೇಡಿ. ಒಂದು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ನೀವೇ ನಮ್ಮೂರ ಡೈರಿಗೆ ಬಂದು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಇದನ್ನು ಪತ್ರಿಕೆಗೆ ಕಳಿಸುತ್ತೇನೆ ಎಂದಾಗಿನಿಂದ ಸರಳಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಮ್ಮ ಮನೆಗೆ ಕೆಟ್ಟ ಹೆಸರು ಬರುತ್ತದೆ ಎಂಬ ಭಯ ಆಕೆಗೆ. ಬರಲಿ, ಅದು ಬರಬೇಕಾದ ಮನೆಗೇ ಬರಲಿ. ನೀವು ಬರುವುದಿಲ್ಲ ಎಂಬ ಅನುಮಾನ ನನಗಂತೂ ಇದ್ದೇ ಇದೆ. ಬಾರದಿದ್ದರೆ ಮುಂದಿನ ಸೋಮವಾರ ಬೆಳಿಗ್ಗೆ ನರಸಮ್ಮನ ಕ್ಯಾನು ಹೊತ್ತು ನಾನೇ ಡೈರಿಯ ಸಾಲಿನಲ್ಲಿ ನಿಂತು, ನಡೆದದ್ದನ್ನು ನನ್ನ ಬಾಯಿಂದಲೇ ಹೇಳುತ್ತೇನೆ.

ಇಂತಿ,
ಕಳ್ಳದಾರಿ ತೋರಿಸಿಯೂ ನಿಮ್ಮ ವರದಿಯಲ್ಲಿ ಜಾಗ ಸಿಗದ
ರಾಮಚಂದ್ರಪ್ಪ
ಗುಮ್ಮಳಾಪುರ