ತಟ್ಟೆಯಲ್ಲಿ ಉಳಿಸಿದ ಒಂದು ತುತ್ತು

ಏಪ್ರಿಲ್ 3, ಬುಧವಾರ

ಬೆಳಿಗ್ಗೆ ಒಲೆಯ ಮುಂದೆ ನಿಂತೇ ತಿಂಡಿ ಮುಗಿಸಿದೆ. ಬ್ರೆಡ್ಡು, ಉಪ್ಪು ಹಚ್ಚಿದ ಈರುಳ್ಳಿ, ಚಹಾ. ಹೆಂಡತಿ ವಾಂದಾ ತೀರಿಹೋದ ಮೇಲೆ ಮೇಜಿಗೆ ಕೂತು ಉಂಡ ನೆನಪಿಲ್ಲ. ಕೂತರೆ ಎದುರಿನ ಕುರ್ಚಿ ನನ್ನನ್ನೇ ನೋಡುತ್ತದೆ. ನಿಂತರೆ ಆ ಕಾಟವಿಲ್ಲ.

ಮಧ್ಯಾಹ್ನ ಮಗಳು ಬೊಗ್ನಾ ಬಂದಳು — ಔಷಧಿ ಅಂಗಡಿಯ ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. ಹಿಂದೆ ಮೊಮ್ಮಗಳು ಯಾಗೊದಾ, ಮುಖ ಇಷ್ಟುದ್ದ. ವಿಷಯ ಇಷ್ಟು. ಇವಳ ಶಾಲೆಗೂ ಡೆನ್ಮಾರ್ಕಿನ ಒಂದು ಶಾಲೆಗೂ ಕೊಡುಕೊಳ್ಳುವ ನಂಟು. ಮುಂದಿನ ವಾರ ಅಲ್ಲಿನ ಮಕ್ಕಳು ಬಂದು ಇಲ್ಲಿನ ಮನೆಗಳಲ್ಲಿ ಇರುತ್ತಾರೆ. ಜೂನಿನಲ್ಲಿ ಇವರು ಅಲ್ಲಿಗೆ. ಇಲ್ಲಿ ಒಂದು ಹಾಸಿಗೆ ಕೊಟ್ಟ ಮನೆಗೆ ಅಲ್ಲಿ ಒಂದು ಸೀಟು. ಬೊಗ್ನಾಳ ಫ್ಲಾಟಿನಲ್ಲಿ ಇನ್ನೊಂದು ಹಾಸಿಗೆ ಹಾಕಬೇಕಾದರೆ ಫ್ರಿಜ್ಜನ್ನು ಬೀದಿಗಿಡಬೇಕು.

"ಅಪ್ಪಾ, ನಿಮ್ಮ ಹೊಲಿಗೆ ಕೋಣೆ ಖಾಲಿ ಇದೆಯಲ್ಲಾ..."

"ಖಾಲಿ ಎಲ್ಲಿ? ಅಮ್ಮನ ಮೆಷಿನ್ ಇದೆ."

"ಮೆಷಿನ್ ಏನು ಕಾಲು ಚಾಚಿ ಮಲಗುತ್ತಾ ಅಜ್ಜಾ?" ಎಂದಳು ಯಾಗೊದಾ. ಆಮೇಲೆ ಅತ್ತೇಬಿಟ್ಟಳು. ಆರು ತಿಂಗಳಿಂದ ಫೋನ್ ನೋಡಿಕೊಂಡು ಡೇನಿಶ್ ಕಲಿಯುತ್ತಿದ್ದಾಳೆ — ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ. ನಮ್ಮ ಸಾನ್ ನದಿಗಿಂತ ದೊಡ್ಡ ನೀರನ್ನು ಕಂಡಿಲ್ಲ ಅವಳು. ಆ ಶಾಲೆಯ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ.

ಮನೆಯ ಹಿರಿಯರಿಗೆ ಇಂಗ್ಲಿಷ್ ಬರಬೇಕು, ಅದೊಂದು ಷರತ್ತು ಎಂದಳು ಬೊಗ್ನಾ. ನನಗೆ ರೋಷ ಬಂತು. ಪಾಲಿಟೆಕ್ನಿಕ್ಕಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು ನಾನು! "ಐ ಬೆಗ್ ಯುವರ್ ಪಾರ್ಡನ್" ಎಂದೆ. ಒಪ್ಪಿದ ಹಾಗಾಯಿತು. ರೋಷದಲ್ಲಿ ಒಪ್ಪುವುದು ನನ್ನ ಹಳೆಯ ಚಾಳಿ. ಬಸ್ ಡಿಪೋದಲ್ಲಿ ರಾತ್ರಿ ಪಾಳಿಯನ್ನೂ ಹೀಗೇ ಒಪ್ಪಿಕೊಂಡಿದ್ದೆ... ಅದು ಬೇರೆ ಕಥೆ.

ಏಪ್ರಿಲ್ 6, ಶನಿವಾರ

ಹೊಲಿಗೆ ಕೋಣೆ ಗುಡಿಸಿದೆ. ಮೆಷಿನ್ನಿಗೆ ಎಣ್ಣೆ ಬಿಟ್ಟು ಕಿಟಕಿ ಪಕ್ಕಕ್ಕೆ ಸರಿಸಿದೆ. ಬೀರುವಿನ ಹಿಂದೆ ವಾಂದಾ ಹಿಟ್ಟು ನಾದಿ ಲಟ್ಟಿಸುತ್ತಿದ್ದ ಹಲಗೆ ಗೋಡೆಗೆ ಒರಗಿ ನಿಂತಿತ್ತು. ಅಷ್ಟು ದೊಡ್ಡ ಹಲಗೆ ಈ ಬೀದಿಯಲ್ಲೇ ಇಲ್ಲ. ಅದನ್ನು ಮುಟ್ಟಲಿಲ್ಲ. ಅಲ್ಲೇ ಇರಲಿ.

ಇಂಗ್ಲಿಷ್ ತಿರುವಿ ಹಾಕಿದೆ. ನೆನಪಿರುವುದು — ಲುಬ್ರಿಕೇಟ್, ಬಾಲ್ ಬೇರಿಂಗ್, ಅಂಬ್ರೆಲ್ಲಾ, ಫುಲ್ ಸ್ಟಾಪ್. ನಮ್ಮ ಮೇಷ್ಟ್ರು ಉಕ್ತಲೇಖನ ಹೇಳುವಾಗ ಪ್ರತಿ ವಾಕ್ಯದ ಕೊನೆಗೆ "ಫುಲ್ ಸ್ಟಾಪ್!" ಎಂದು ಮೇಜು ಗುದ್ದುತ್ತಿದ್ದರು. ಉಳಿದದ್ದು ಮರೆತಿದೆ, ಗುದ್ದು ಮರೆತಿಲ್ಲ.

ಪಕ್ಕದ ಮನೆಯ ಚೆಸ್ವಾವಾ ಬೇಲಿಯ ಮೇಲಿಂದ ಕೇಳಿದಳು, "ಏನ್ ಬ್ರೊನೆಕ್, ಒಬ್ಬೊಬ್ಬನೇ ಮಾತಾಡ್ಕೊಳ್ತಿದ್ದೀಯ. ಡಾಕ್ಟರ್‌ಗೆ ಹೇಳಲಾ?"

"ಇಂಗ್ಲಿಷ್ ಕಣೇ."

"ಅಂದ್ರೆ ಪೂರ್ತಿ ಹೋಯ್ತು ಬಿಡು."

ಏಪ್ರಿಲ್ 8, ಸೋಮವಾರ

ಬಂದಳು! ಹೆಸರು ಮಾರೆನ್. ಹದಿನೈದು ವರ್ಷ, ನನಗಿಂತ ಒಂದು ಗೇಣು ಎತ್ತರ. ಬಸ್ಸಿನಿಂದ ಇಳಿದವಳ ಕೈ ಕುಲುಕಿ ಹೇಳಿದೆ — "ದಿ ವೆದರ್ ಈಸ್ ಅಗ್ರೀಯಬಲ್. ಪ್ಲೀಸ್ ಬಿ ಸೀಟೆಡ್." ಕೂರಲು ಅಲ್ಲಿ ಏನೂ ಇರಲಿಲ್ಲ. ಹುಡುಗಿ ಸುತ್ತ ನೋಡಿ ತನ್ನ ಪೆಟ್ಟಿಗೆಯ ಮೇಲೇ ಕೂತಳು. ಯಾಗೊದಾ ನೆಲ ನೋಡಿದಳು. ನನಗೆ ಆ ಹುಡುಗಿ ಆಗಲೇ ಇಷ್ಟವಾದಳು.

ಯಾಗೊದಾ ಸಹ ಈ ವಾರ ಇಲ್ಲೇ, ಸೋಫಾ ಮೇಲೆ. ಟೀಚರ್ ಮಾಲ್ವಿನಾ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದರು. "ಬ್ರೊನಿಸ್ವಾಫ್ ಅವರೇ, ಹುಡುಗಿ ಇಲ್ಲಿ ಸುಖವಾಗಿರಬೇಕು. ಬೇರೆ ಮನೆಗೆ ಕಳಿಸೋ ಹಾಗಾದ್ರೆ ಡೆನ್ಮಾರ್ಕಿನ ಸೀಟೂ ಆ ಮನೆಗೇ ಹೋಗುತ್ತೆ. ನನ್ನ ಕೈಲಿಲ್ಲ."

ಸುಖ! ನಮ್ಮಲ್ಲಿ ಅತಿಥಿಗೆ ಸುಖ ಅಂದರೆ ಏನೆಂದು ಹೇಳಿಕೊಡಬೇಕೆ?

ಏಪ್ರಿಲ್ 9, ಮಂಗಳವಾರ

ರಾತ್ರಿಯೂಟಕ್ಕೆ ಎಲೆಕೋಸಿನ ಸುರುಳಿ, ನಾನೇ ಮಾಡಿದ್ದು. ಮಾರೆನ್ ಗೊತ್ತಿಲ್ಲದೆ ವಾಂದಾಳ ಕುರ್ಚಿಯಲ್ಲಿ ಕೂತಳು. ಸೌಟು ಹಿಡಿದು ಒಲೆಯ ಬಳಿಯೇ ನಿಂತೆ. ಆಮೇಲೆ ನಾನೂ ಕೂತೆ. ನಿಂತು ಬಡಿಸಿ, ಕೂತು, ಮತ್ತೆ ಎದ್ದು ಬಡಿಸಿ.

ಎರಡು ಸುರುಳಿ ಹಾಕಿದೆ. ತಟ್ಟೆ ಖಾಲಿ. ಇನ್ನೆರಡು. ಖಾಲಿ. ಮತ್ತೊಂದು ಹಾಕಿದೆ — ಅದೂ ಖಾಲಿ, ಸಾರನ್ನು ಬ್ರೆಡ್ಡಿನಿಂದ ಒರೆಸಿ. ಯಾಗೊದಾ ಮೊದಲ ಎರಡರಲ್ಲೇ ಅರ್ಧ ಬಿಟ್ಟು ಫೋನ್ ಹಿಡಿದಿದ್ದಳು.

"ನೋಡಿ ಕಲಿ" ಎಂದೆ ಅವಳಿಗೆ.

ಏಪ್ರಿಲ್ 10, ಬುಧವಾರ

ಸುದ್ದಿ ಹಬ್ಬಿದೆ. ಬೊಗ್ನಾ ಹುಳಿಹಿಟ್ಟಿನ ಸೂಪು ತಂದಳು. ಚೆಸ್ವಾವಾ ಗಿಣ್ಣಿನ ಕೇಕು, ಆಲೂಗಡ್ಡೆ ದೋಸೆ, ಸಾಲದ್ದಕ್ಕೆ ಒಂದು ಜಾಡಿ ಉಪ್ಪಿನಕಾಯಿ. ಎಲ್ಲವನ್ನೂ ಆ ಮಗು ಮುಗಿಸಿತು. ಚೆಸ್ವಾವಾಳ ಕಣ್ಣಲ್ಲಿ ನೀರು.

"ಯಾವ ಜನ್ಮದ ಹಸಿವೋ ಬ್ರೊನೆಕ್. ಆ ದೇಶದಲ್ಲಿ ಏನೂ ಕೊಡಲ್ವಾ?"

"ಎಲ್ಲ ಸೈಕಲ್ ಹೊಡೆಯೋ ಜನ. ಪೆಟ್ರೋಲ್ ಬದಲು ಇದೇ ಹೋಗಬೇಕಲ್ಲ."

ಹುಡುಗಿಯ ಮುಖ ಸ್ವಲ್ಪ ಬೆಳ್ಳಗಿತ್ತು. ಆದರೆ ಅವರು ಇರುವುದೇ ಬೆಳ್ಳಗೆ. ನಾಳೆಗೆ ಬಾತುಕೋಳಿ ಹೇಳಿದ್ದೇನೆ.

ಏಪ್ರಿಲ್ 12, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಬಾತುಕೋಳಿ ಮುಗಿದು, ಸೇಬಿನ ಕೇಕು ಎರಡನೆಯ ಸಲ ಹಾಕುತ್ತಿದ್ದೆ... ಮಾರೆನ್ ಬಚ್ಚಲಿಗೆ ಓಡಿದಳು. ಓಡಿದವಳು ಸಂಜೆಯವರೆಗೆ ಅಲ್ಲೇ. ಡಾಕ್ಟರ್ ಬಂದರು. ಹೊಟ್ಟೆ ಒತ್ತಿ ನೋಡಿದರು. ನನ್ನನ್ನು ನೋಡಿದರು. "ರೋಗ ಏನಿಲ್ಲ. ಜಾಗ ಇಲ್ಲ, ಅಷ್ಟೇ" ಎಂದರು.

ಇಂದು ಟೀಚರ್ ಫೋನ್. ಹುಡುಗಿಯ ತಾಯಿ ಡೆನ್ಮಾರ್ಕಿನಿಂದ ಮಾತಾಡಿದ್ದಾಳೆ, ಗಾಬರಿಯಾಗಿದ್ದಾಳೆ. ನಾಳೆ ಬೆಳಿಗ್ಗೆ ಬಂದು ಮಾರೆನ್‌ಳನ್ನು ಬೇರೆ ಮನೆಗೆ ಕರೆದೊಯ್ಯುತ್ತಾರಂತೆ.

ಯಾಗೊದಾ ಫೋನ್ ಆರಿಸಿ ಮಲಗಿದಳು. ಡೇನಿಶ್ ಪಾಠದ ಶಬ್ದ ಸೋಫಾ ಕಡೆಯಿಂದ ಬರುತ್ತಿಲ್ಲ. ಅವಳ ಸಮುದ್ರವನ್ನು ನಾನೇ ಸೌಟಿನಲ್ಲಿ ಬಳಿದು ಚೆಲ್ಲಿದೆನಲ್ಲಾ. ಒಲೆಯ ಮುಂದೆ ನಿಂತು ಗಂಜಿ ಕುಡಿದೆ.

ಏಪ್ರಿಲ್ 13, ಶನಿವಾರ

ಏನು ದಿನ! ಎಲ್ಲ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಟೀಚರ್ ಬಂದರು. ಮಾರೆನ್ ಹೊದಿಕೆ ಸುತ್ತಿಕೊಂಡು ಅಡಿಗೆಮನೆಯಲ್ಲಿ ಕೂತಿದ್ದಳು. ಬೇಲಿಯಾಚೆಯ ಚೆಸ್ವಾವಾ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು. ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು, "ಅಷ್ಟು ಯಾಕಮ್ಮಾ ತಿಂದೆ? ಬೇಡ ಅಂತ ಹೇಳ್ಬಾರ್ದಿತ್ತಾ?"

"ತಟ್ಟೆಯಲ್ಲಿ ಹಾಕಿದ್ದನ್ನ ಬಿಡಬಾರದು. ನಮ್ಮನೇಲಿ ಬಿಟ್ರೆ ಅಡಿಗೆ ಚೆನ್ನಾಗಿಲ್ಲ ಅಂತ ಅರ್ಥ" ಎಂದಳು ಮಾರೆನ್. "ನಾನು ಮುಗಿಸಿದೆ, ಅಜ್ಜ ಹಾಕಿದ್ರು. ಮುಗಿಸಿದೆ, ಹಾಕಿದ್ರು. ಇದೇನು ಪರೀಕ್ಷೆನಾ ಅಂದ್ಕೊಂಡೆ."

ಯಾಗೊದಾ ನನಗೆ ನಮ್ಮ ಭಾಷೆಗೆ ತಿರುಗಿಸಿ ಹೇಳಿದಳು. ನಾನು ದಂಗಾದೆ. "ತಟ್ಟೆ ಖಾಲಿ ಇತ್ತಲ್ಲಾ! ಅತಿಥಿ ಮುಂದೆ ಖಾಲಿ ತಟ್ಟೆ ಇಟ್ಕೊಂಡು ಯಾವ ಮನುಷ್ಯ ಸುಮ್ನೆ ಕೂರ್ತಾನೆ?"

"ಅದೇ ಮತ್ತೆ!" ಎಂದಳು ಬಾಗಿಲಿನ ಚೆಸ್ವಾವಾ.

"ಸಾಕಾದ್ರೆ ಒಂದು ತುತ್ತು ಬಿಡ್ಬೇಕು. ಹಾಲು ಕುಡಿಯೋ ಮಗೂಗೂ ಗೊತ್ತು" ಎಂದೆ ನಾನು.

ಯಾಗೊದಾ ಮೊದಲು ಬಾಯಿ ಮುಚ್ಚಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು. ಅವಳ ನಗು ನೋಡಿ ಮಾರೆನ್‌ಗೂ ನಗು — "ನಗಿಸ್ಬೇಡ, ಹೊಟ್ಟೆ ನೋಯುತ್ತೆ!" ಟೀಚರ್ ಮಾಲ್ವಿನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮತ್ತೆ ಮನೇಲಿ ನಾನೂ ಒಂದ್ಸಲ ತಟ್ಟೆ ಖಾಲಿ ಮಾಡಿದ್ದೆ. ಇವತ್ತಿಗೂ ಆಡ್ಕೊಳ್ತಾರೆ."

ಆದರೂ ತಾಯಿಗೆ ಮಾತು ಕೊಟ್ಟಾಗಿದೆ, ಕರೆದೊಯ್ಯಲೇಬೇಕು ಎಂದರು. ಎಲ್ಲರ ನಗು ನಿಂತಿತು. ಯಾಗೊದಾ ಎದ್ದು ಗೋಡೆ ಕಡೆ ತಿರುಗಿದಳು.

ನನಗೆ ತೋಚಿದ್ದು ಒಂದೇ. ಒಂದು ತಟ್ಟೆ ತಂದು ಮೇಜಿನ ಮೇಲಿಟ್ಟೆ. ನಡುವೆ ಒಂದೇ ಒಂದು ತುಂಡು ಬ್ರೆಡ್ಡು. ಬೆರಳು ತೋರಿಸಿ, ನಮ್ಮ ಮೇಷ್ಟ್ರ ಹಾಗೆ ಮೇಜು ಗುದ್ದಿ ಹೇಳಿದೆ — "ದಿಸ್ ಈಸ್ ಫುಲ್ ಸ್ಟಾಪ್! ಐ ಸೀ ಫುಲ್ ಸ್ಟಾಪ್... ಐ ಸ್ಟಾಪ್."

ಮಾರೆನ್ ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು. "ಪ್ರಾಮಿಸ್?"

"ಪ್ರಾಮಿಸ್. ಆನ್ ಮೈ ವೈಫ್ಸ್ ಕಿಚನ್."

ಅವಳೇ ತಾಯಿಗೆ ಫೋನ್ ಮಾಡಿದಳು. ಆ ಬಿಸಿ ಆಲೂಗಡ್ಡೆ ಭಾಷೆಯಲ್ಲಿ ಬಹಳ ಹೊತ್ತು. ಅತ್ತ ಕಡೆಯಿಂದ ತಾಯಿ ನಗುವುದು ನನಗೇ ಕೇಳಿಸಿತು. ಕೊನೆಗೆ ಫೋನನ್ನು ಟೀಚರ್‌ಗೆ ಕೊಟ್ಟಳು. ಟೀಚರ್ ಕೇಳಿಸಿಕೊಂಡರು, ತಲೆಯಾಡಿಸಿದರು, ಬ್ಯಾಗು ಹೆಗಲಿಗೇರಿಸಿ ಒಬ್ಬರೇ ಹೊರಟರು. ಬಾಗಿಲಲ್ಲಿ ತಿರುಗಿ, "ಆ ಸೌಟನ್ನ ಸ್ವಲ್ಪ ಬೀಗ ಹಾಕಿಡಿ" ಎಂದರು.

ಯಾಗೊದಾ ನನ್ನ ಕುತ್ತಿಗೆಗೆ ಜೋತುಬಿದ್ದ ರಭಸಕ್ಕೆ ಕನ್ನಡಕ ಬಗ್ಗಿಹೋಗಿದೆ. ಬಗ್ಗಿರಲಿ.

ಏಪ್ರಿಲ್ 15, ಸೋಮವಾರ

ಮಾರೆನ್ ಬೀರುವಿನ ಹಿಂದೆ ಇಣುಕಿ ಕೇಳಿದಳು, "ಅಜ್ಜಾ, ಈ ಬಾಗಿಲು ಎಲ್ಲಿಗೆ ಹೋಗುತ್ತೆ?"

ಬಾಗಿಲಲ್ಲ ತಾಯಿ, ಹಿಟ್ಟಿನ ಹಲಗೆ — ಹೇಳುವಷ್ಟರಲ್ಲಿ ಹುಡುಗಿಯರಿಬ್ಬರೂ ಅದನ್ನು ಎಳೆದು ಮೇಜಿನ ಮೇಲೆ ಮಲಗಿಸಿಯಾಗಿತ್ತು. ಬಿರುಕುಗಳಲ್ಲಿ ವಾಂದಾಳ ಕಾಲದ ಹಿಟ್ಟು ಇನ್ನೂ ಇತ್ತು. ಒರೆಸುತ್ತೇನೆ ಎಂದು ಯಾಗೊದಾ ಬಟ್ಟೆ ತಂದಳು. "ಬೇಡ, ಅದರ ಮೇಲೇ ಉದುರಿಸು" ಎಂದೆ.

ಪಿಯೆರೋಗಿ ಮಾಡಿದೆವು, ನಮ್ಮ ಹೂರಣದ ಕಡುಬು. ವಾಂದಾ ಮಾಡುವುದನ್ನು ಒಂದು ಆಯುಷ್ಯ ನೋಡಿದ್ದೇನೆ, ಕೈಗೆ ಮಾತ್ರ ಗೊತ್ತಿಲ್ಲ. ಮೊದಲ ಕಣಕ ಕಲ್ಲಾಯಿತು. ಎರಡನೆಯದು ಅಂಬಲಿ. ಕಿಟಕಿಯಿಂದ ಚೆಸ್ವಾವಾ, "ಬಿಸಿ ನೀರು ಹಾಕು ದಡ್ಡಾ, ಬಿಸಿ ನೀರು!" ಮೂರನೆಯದು ಸರಿಹೋಯಿತು. ಆಲೂಗಡ್ಡೆ, ಬಿಳಿ ಗಿಣ್ಣು, ಹುರಿದ ಈರುಳ್ಳಿಯ ಹೂರಣ. ಮಾರೆನ್ ಅಂಚು ಒತ್ತಿದ್ದು ಹಡಗಿನ ಹಾಗಿತ್ತು. ಯಾಗೊದಾಳದ್ದು ಇಲಿಯ ಕಿವಿ.

ಊಟದ ಕೊನೆಗೆ ಮಾರೆನ್ ಬಹಳ ಕಷ್ಟಪಟ್ಟಳು. ಒಂದು ಪಿಯೆರೋಗಿಯ ತುದಿಯನ್ನು ಫೋರ್ಕಿನಿಂದ ಕತ್ತರಿಸಿ ತಟ್ಟೆಯ ನಡುವೆ ಇಟ್ಟು, ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ನನ್ನ ಕೈ ಸೌಟಿನ ಕಡೆ ಹೋಗುತ್ತಿತ್ತು. ತಡೆದೆ. ಇಬ್ಬರಿಗೂ ಸಮಾನ ಕಷ್ಟ.

ಏಪ್ರಿಲ್ 16, ಮಂಗಳವಾರ

ಹೋದಳು. ಬಸ್ಸಿನ ಬಳಿ ಎಲ್ಲರೂ ಅಳುತ್ತಿದ್ದರು, ಡ್ರೈವರ್ ಒಬ್ಬನನ್ನು ಬಿಟ್ಟು. ಮಾರೆನ್ ನನ್ನ ಕೈ ಕುಲುಕಿ ಗಂಭೀರವಾಗಿ ಹೇಳಿದಳು, "ದಿ ವೆದರ್ ಈಸ್ ಅಗ್ರೀಯಬಲ್." ಮಳೆ ಹೊಯ್ಯುತ್ತಿತ್ತು.

ಮನೆಗೆ ಬಂದು ಬ್ರೆಡ್ಡು ಕೊಯ್ದುಕೊಂಡೆ. ಒಲೆಯ ಮುಂದೆ ನಿಂತಿದ್ದವನು ತಟ್ಟೆ ಹಿಡಿದು ಮೇಜಿಗೆ ಬಂದು ಕೂತೆ. ಕುರ್ಚಿ ನೋಡಿತು. ನೋಡಲಿ.

ಜೂನ್ 4, ಮಂಗಳವಾರ

ಯಾಗೊದಾ ಡೆನ್ಮಾರ್ಕ್ ಮುಟ್ಟಿ ಎರಡು ದಿನ. ಈಗ ಫೋನ್ — ಪಿಸುಮಾತು.

"ಅಜ್ಜಾ, ಸಮುದ್ರ ಎಷ್ಟು ದೊಡ್ಡದು ಗೊತ್ತಾ! ಆದ್ರೆ... ಹೊಟ್ಟೆ ಹಸೀತಿದೆ."

"ಯಾಕೆ, ಊಟ ಕೊಡಲ್ವಾ?"

"ಕೊಡ್ತಾರೆ. ಇನ್ನೂ ಬೇಕಾ ಅಂತ ಮಾರೆನ್ ಅಮ್ಮ ಕೇಳಿದ್ರು. ಮರ್ಯಾದೆಗೆ ಬೇಡ ಅಂದೆ. ಬಟ್ಟಲು ಎತ್ತಿ ಒಳಗಿಟ್ಟೇಬಿಟ್ರು! ಇಲ್ಲಿ ಒಂದೇ ಸಲ ಕೇಳೋದು ಅಜ್ಜಾ, ಒಂದೇ ಸಲ!"

ಎಷ್ಟು ನಕ್ಕೆನೆಂದರೆ ಚೆಸ್ವಾವಾ ಬೇಲಿಗೆ ಓಡಿಬಂದಳು. ನಮ್ಮಲ್ಲಿ ಮೊದಲ ಬೇಡ ಅಂದರೆ ನಾಚಿಕೆ, ಎರಡನೆಯದು ಮರ್ಯಾದೆ, ಮೂರನೆಯದು ಮಾತ್ರ ನಿಜವಾದ ಬೇಡ. ಇದನ್ನು ಹೇಳಿ ಕಳಿಸುವುದು ನನಗೂ ಹೊಳೆಯಲಿಲ್ಲ, ಟೀಚರ್‌ಗೂ ಹೊಳೆಯಲಿಲ್ಲ.

"ಮಾರೆನ್‌ಗೆ ಹೇಳು ಹುಚ್ಚೀ. ಅವಳಿಗೆ ಅರ್ಥವಾಗುತ್ತೆ."

ಜೂನ್ 6, ಗುರುವಾರ

ಮಾರೆನ್‌ಳ ತಾಯಿ ಈಗ ಮೂರು ಸಲ ಕೇಳುತ್ತಾಳಂತೆ, ಬೆರಳು ಮಡಿಚಿಕೊಂಡು. ಮೂರನೆಯ ಸಲಕ್ಕೆ ಇಡೀ ಮನೆಯೇ ಉಸಿರು ಬಿಗಿಹಿಡಿದು ಯಾಗೊದಾಳ ಬಾಯಿ ನೋಡುತ್ತದಂತೆ. ಹುಡುಗಿ ದಪ್ಪಗಾಗಿ ಬರುತ್ತಾಳೆ, ಸಂಶಯವಿಲ್ಲ.

ಜೂನ್ 8, ಶನಿವಾರ

ಬೆಳಿಗ್ಗೆಯೇ ಮಾರೆನ್ ವಿಡಿಯೋದಲ್ಲಿ. ಇಂದು ನಮ್ಮ ಮಕ್ಕಳು ಅಲ್ಲಿನ ಮನೆಯವರಿಗೆಲ್ಲ ಅಡಿಗೆ ಮಾಡಿ ಬಡಿಸಬೇಕು. ಪಿಯೆರೋಗಿ ಎಂದು ಒಪ್ಪಿಕೊಂಡಿದ್ದಾಳೆ ಯಾಗೊದಾ, ರೋಷದಲ್ಲಿ. ನನ್ನದೇ ರಕ್ತ.

"ಅಜ್ಜಾ, ಇಲ್ಲಿ ಯಾರ ಹತ್ರವೂ ಅಷ್ಟು ದೊಡ್ಡ ಹಲಗೆ ಇಲ್ಲ" ಎಂದಳು ಮಾರೆನ್. "ಅದಕ್ಕೆ ಬಾಗಿಲು ಕಳಚಿದ್ವಿ."

ನಿಜಕ್ಕೂ! ಬೀರುವಿನ ಬಾಗಿಲು, ಉಜ್ಜಿ ತೊಳೆದು ಮೇಜಿನ ಮೇಲೆ. ಸುತ್ತ ಹಿಟ್ಟು ಮೆತ್ತಿಕೊಂಡ ಮುಖಗಳು, ಕಿಟಕಿಯಾಚೆ ನೀರು. ಕಣಕ ಹೇಗೆ ಅಂತ ತೋರಿಸಬೇಕಂತೆ, ಈಗಲೇ.

ವಾಂದಾಳ ಹಲಗೆ ಹಾಸಿದ್ದೇನೆ. ಚೆಸ್ವಾವಾ ತನ್ನ ಲಟ್ಟಣಿಗೆ ತಂದು ವಾಂದಾಳ ಕುರ್ಚಿಯಲ್ಲೇ ಕೂತಿದ್ದಾಳೆ, "ಬರೆಯೋದು ಬಿಟ್ಟು ನಾದು ಮಾರಾಯಾ" ಎನ್ನುತ್ತಿದ್ದಾಳೆ. ಫೋನು ಸಕ್ಕರೆ ಡಬ್ಬಿಗೆ ಒರಗಿದೆ. ಅವರು ಬಿಸಿ ನೀರು ಹಾಕಿ ಕಲಸುವವರೆಗೆ ಎರಡು ಸಾಲು ಎಂದು ಕೂತೆ, ಪೆನ್ನೆಲ್ಲ ಹಿಟ್ಟು... ಅಗೋ, ಯಾಗೊದಾ ಕೂಗುತ್ತಿದ್ದಾಳೆ, ಕಣಕ ಬಾಗಿಲಿಗೇ ಅಂಟಿಕೊಂಡಿತಂತೆ. ಹಿಟ್ಟು ಉದುರಿಸು ಮಗೂ, ಇನ್ನೂ ಸ್ವಲ್ಪ, ಇನ್ನೂ